ಬಾಡಿಗೆ ಕಂಪನಿಯ ವಾರ್ಷಿಕ ಲೆಕ್ಕಪತ್ರ: ಒಂದು ಚಾರಿತ್ರಿಕ ಅವಲೋಕನ

ಸರಕಿನ ವ್ಯಾಪಾರದಲ್ಲಿ ಲಾಭವನ್ನು ಕಾಣಬೇಕಾದರೆ ಕೊಂಡದ್ದು, ಮಾರಿದ್ದು, ಉಳಿದದ್ದು ಇವೆಲ್ಲವನ್ನೂ ತೂಗಿ ನೋಡಬೇಕು. ವರ್ಷಾಂತ್ಯದ ಲೆಕ್ಕವಿಲ್ಲದೆ ವರ್ತಕನಿಗೆ ತನ್ನ ಸ್ಥಿತಿ ತಿಳಿಯದು. ಬಾಡಿಗೆಯ ಹಣದ ಸ್ವಭಾವ ಬೇರೆ. ಅದು ತಿಂಗಳ ಮೊದಲ ವಾರದಲ್ಲಿ ತಾನಾಗಿ ಬಂದು ಕೈಸೇರುತ್ತದೆ. ಬಂದದ್ದೆಲ್ಲ ಲಾಭವೆಂದೇ ತೋರುತ್ತದೆ. ಗೋಡೆ ಹಳತಾಗುವುದು, ತೊಲೆಗೆ ಗೆದ್ದಲು ಹತ್ತುವುದು, ಬಾಡಿಗೆದಾರನು ಇಟ್ಟ ಠೇವಣಿಯನ್ನು ಒಂದು ದಿನ ಹಿಂದಿರುಗಿಸಬೇಕಾಗುವುದು, ಇವಾವುವೂ ಆ ತಿಂಗಳ ಹಣದಲ್ಲಿ ಕಾಣಿಸುವುದಿಲ್ಲ. ಆದಕಾರಣ ಮನೆ, ಮಳಿಗೆಗಳನ್ನು ಬಾಡಿಗೆಗೆ ಕೊಡುವ ಕಂಪನಿಯೊಂದರ ವಾರ್ಷಿಕ ಲೆಕ್ಕಪತ್ರವು, ಎಷ್ಟೇ ಚಿಕ್ಕದಾಗಿದ್ದರೂ, ಒಂದು ಕಠಿಣವಾದ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಬಂದ ಬಾಡಿಗೆಯಲ್ಲಿ ನಿಜವಾಗಿ ಹಂಚಿಕೊಳ್ಳಬಹುದಾದದ್ದು ಎಷ್ಟು? ಕಂಪನಿ ಕಾನೂನು ಈ ಪ್ರಶ್ನೆಯೊಡನೆ ಸೆಣಸುತ್ತ ಬಂದು ನೂರೆಂಬತ್ತು ವರ್ಷಗಳಾದುವು.

ಈ ಕಥೆ ಆರಂಭವಾಗುವುದು ಇಂಗ್ಲೆಂಡಿನಲ್ಲಿ. 1844ರ ಜಾಯಿಂಟ್ ಸ್ಟಾಕ್ ಕಂಪನಿಗಳ ಕಾಯಿದೆಯು ಸಾಮಾನ್ಯ ನೋಂದಣಿಯ ಮೂಲಕ ಕಂಪನಿ ಕಟ್ಟಲು ಅವಕಾಶವಿತ್ತು, ಅದರೊಡನೆ ಕೆಲವು ಕಟ್ಟುಪಾಡುಗಳನ್ನೂ ವಿಧಿಸಿತು. ಕಂಪನಿ ಲೆಕ್ಕದ ಪುಸ್ತಕಗಳನ್ನಿಡಬೇಕು, ಪೂರ್ಣವೂ ನ್ಯಾಯಯುತವೂ ಆದ ಅಢಾವೆ ಪತ್ರಿಕೆಯನ್ನು ಸದಸ್ಯರ ಮುಂದಿಡಬೇಕು, ಪರಿಶೋಧಕರಿಂದ ಅದನ್ನು ಪರೀಕ್ಷಿಸಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು ಎಂದಿತು. ಆದರೆ ಈ ಶಿಸ್ತು ಬಹುಕಾಲ ಬಾಳಲಿಲ್ಲ. 1856ರ ಕಾಯಿದೆ ಇವೆಲ್ಲವನ್ನೂ ಕಡ್ಡಾಯದಿಂದ ತೆಗೆದು, ಬೇಕಾದವರು ಅಳವಡಿಸಿಕೊಳ್ಳಬಹುದಾದ ಮಾದರಿ ನಿಯಮಗಳ ಪಟ್ಟಿಗೆ ಸೇರಿಸಿಬಿಟ್ಟಿತು. ಸಾಲದ ಹೊಣೆ ಷೇರಿನ ಮೊತ್ತಕ್ಕೆ ಸೀಮಿತವಾದ ಕಾಲದಲ್ಲಿಯೇ ಲೆಕ್ಕ ತೋರಿಸುವ ಹೊಣೆ ಸಡಿಲವಾದದ್ದು ವಿಚಿತ್ರ. ಪರಿಶೋಧನೆ ಅಲ್ಲಿ ಮತ್ತೆ ಎಲ್ಲ ಕಂಪನಿಗಳಿಗೂ ಕಡ್ಡಾಯವಾದದ್ದು 1900ರಲ್ಲಿ.

ನಡುವಿನ ಈ ಅರ್ಧ ಶತಮಾನದಲ್ಲಿ ಲಂಡನ್ನಿನಲ್ಲಿ ಬಾಡಿಗೆ ಮನೆಗಳನ್ನೇ ಉದ್ಯೋಗವಾಗಿಸಿಕೊಂಡ ಕಂಪನಿಗಳು ತಲೆಯೆತ್ತಿದುವು. ಕಾರ್ಮಿಕ ವರ್ಗದವರಿಗೆ ನೈರ್ಮಲ್ಯವುಳ್ಳ ವಸತಿ ಒದಗಿಸಲೆಂದು 1841ರಲ್ಲಿ ರೂಪುಗೊಂಡ ಮೆಟ್ರೊಪಾಲಿಟನ್ ಅಸೋಸಿಯೇಷನ್ನಿಗೆ 1845ರಲ್ಲಿ ರಾಜಸನ್ನದು ದೊರೆಯಿತು. ಷೇರುದಾರರಿಗೆ ಹಂಚುವ ಲಾಭಾಂಶವು ನೂರಕ್ಕೆ 5ನ್ನು ಮೀರಕೂಡದೆಂಬ ಮಿತಿ ಆ ಸನ್ನದಿನಲ್ಲೇ ಇತ್ತು. 1863ರಲ್ಲಿ ಸಿಡ್ನಿ ವಾಟರ್‌ಲೋ ಸ್ಥಾಪಿಸಿದ ಇನ್ನೊಂದು ವಸತಿ ಕಂಪನಿಯೂ ಇದೇ ಪ್ರಮಾಣವನ್ನು ಗುರಿಯಾಗಿಟ್ಟುಕೊಂಡಿತು. ಧರ್ಮಕಾರ್ಯವೂ ಆಗಬೇಕು, ಹೂಡಿದ ಹಣಕ್ಕೆ ಮಿತವಾದ ಪ್ರತಿಫಲವೂ ಬರಬೇಕು ಎಂಬುದು ಈ ಕಂಪನಿಗಳ ತತ್ತ್ವ. ‘ಐದು ಪ್ರತಿಶತದ ಪರೋಪಕಾರ’ ಎಂದು ಜನ ಇದನ್ನು ಕರೆದರು. ಹೀಗೆ ಕರೆದವರಲ್ಲಿ ಮೆಚ್ಚಿದವರೂ ಇದ್ದರು, ನಕ್ಕವರೂ ಇದ್ದರು. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇಲ್ಲಿ ಸೂಕ್ಷ್ಮವಾದ ಒಂದು ತೊಡಕಿದೆ. ನೂರಕ್ಕೆ 5 ಎಂದರೆ ಯಾವುದರಲ್ಲಿ 5? ರಿಪೇರಿಗೆ ಎತ್ತಿಡುವ ಮುನ್ನವೋ, ಅನಂತರವೋ? ಕಟ್ಟಡ ಸವೆಯುವುದನ್ನು ಕಳೆದೋ, ಕಳೆಯದೆಯೋ? ಮಿತಿಯನ್ನು ಒಪ್ಪಿಕೊಂಡ ಮಾತ್ರಕ್ಕೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಲಂಡನ್ನಿನ ನೆಲ ಅನೇಕ ಕಡೆ ಸ್ವಂತದ್ದಲ್ಲ, ದೀರ್ಘಾವಧಿಯ ಗುತ್ತಿಗೆಯದು. ಗುತ್ತಿಗೆಯ ಅವಧಿ ಮುಗಿದ ದಿನ ನೆಲದೊಡನೆ ಕಟ್ಟಡವೂ ಭೂಮಾಲೀಕನ ವಶವಾಗುವುದು. ಅಂಥ ಕಂಪನಿ ಪ್ರತಿವರ್ಷ ಸ್ವಲ್ಪ ಹಣವನ್ನು ಎತ್ತಿಡದೆ ಬಾಡಿಗೆಯನ್ನೆಲ್ಲ ಹಂಚಿದರೆ, ಕೊನೆಗೆ ಷೇರುದಾರನ ಕೈಯಲ್ಲಿ ಉಳಿಯುವುದು ಕಾಗದವಷ್ಟೆ.

ಲೆಕ್ಕದಲ್ಲಿ ಲಾಭವನ್ನು ‘ತಯಾರಿಸುವುದು’ ಎಷ್ಟು ಸುಲಭ ಎಂಬುದನ್ನು ಲೀಡ್ಸ್ ನಗರದ ಒಂದು ಕಂಪನಿ ತೋರಿಸಿಕೊಟ್ಟಿತು. ಅದರ ಹೆಸರು ಲೀಡ್ಸ್ ಎಸ್ಟೇಟ್, ಬಿಲ್ಡಿಂಗ್ ಅಂಡ್ ಇನ್ವೆಸ್ಟ್‌ಮೆಂಟ್ ಕಂಪನಿ. ಸ್ಥಾಪನೆಯಾದದ್ದು 1869ರಲ್ಲಿ. ಬಾಡಿಗೆಗಿಂತ ಹೆಚ್ಚಾಗಿ ಸ್ಥಿರಾಸ್ತಿಯ ಆಧಾರದ ಮೇಲೆ ಸಾಲ ಕೊಡುವುದೇ ಅದರ ವ್ಯವಹಾರವಾಗಿದ್ದರೂ, ಆಸ್ತಿಯನ್ನೇ ನಂಬಿದ ಎಲ್ಲ ಕಂಪನಿಗಳಿಗೂ ಅದರ ಕಥೆ ಅನ್ವಯಿಸುತ್ತದೆ. ಲಾಭದಿಂದಲ್ಲದೆ ಲಾಭಾಂಶ ಹಂಚಕೂಡದೆಂದು ಅದರ ನಿಯಮಾವಳಿ ಸ್ಪಷ್ಟವಾಗಿ ಹೇಳಿತ್ತು. ಆದರೆ ನಿರ್ದೇಶಕರ ಸಂಭಾವನೆಯನ್ನು ಲಾಭಾಂಶದ ಪ್ರಮಾಣಕ್ಕೆ ಕಟ್ಟಿಹಾಕಿದ್ದುದೂ ಅದೇ ನಿಯಮಾವಳಿ. ವ್ಯವಸ್ಥಾಪಕನ ವಿಶೇಷ ಭತ್ಯೆಗೂ ಅದೇ ಆಧಾರ. ಲಾಭಾಂಶ ಹೆಚ್ಚಿದಷ್ಟೂ ಹಂಚುವವರಿಗೇ ಹೆಚ್ಚು! ಬಹುತೇಕ ಎಲ್ಲ ವರ್ಷಗಳಲ್ಲಿಯೂ ಕಂಪನಿಗೆ ಹಂಚಬಹುದಾದ ಲಾಭವೇ ಇರಲಿಲ್ಲ. ಆದರೂ ವರ್ಷವರ್ಷವೂ ಲಾಭಾಂಶ ಹಂಚಲಾಯಿತು. ವ್ಯವಸ್ಥಾಪಕನು ಮೊದಲು ಹಂಚಬೇಕಾದ ಮೊತ್ತವನ್ನು ಮನಸ್ಸಿನಲ್ಲಿ ನಿಶ್ಚಯಿಸಿ, ಅದಕ್ಕೆ ಸರಿಹೊಂದುವಂತೆ ಆಸ್ತಿಗಳ ಅಂದಾಜು ಬೆಲೆಯನ್ನು ಏರಿಸಿ ಅಢಾವೆ ಪತ್ರಿಕೆ ಬರೆಯುತ್ತಿದ್ದನು. ನಿರ್ದೇಶಕರು ಅವನನ್ನು ನಂಬಿ ಸಹಿ ಹಾಕುತ್ತಿದ್ದರು. ಪರಿಶೋಧಕನು ಪುಸ್ತಕದಲ್ಲಿರುವ ಅಂಕಿಗಳಿಗೂ ಪತ್ರಿಕೆಯ ಅಂಕಿಗಳಿಗೂ ತಾಳೆಯಿದೆಯೆಂದು ಬರೆದುಕೊಡುತ್ತಿದ್ದನು. ಕಂಪನಿಯ ನಿಯಮಾವಳಿಯನ್ನು ಆತ ತೆರೆದು ನೋಡಿರಲೇ ಇಲ್ಲ.

ಕಂಪನಿ ಮುಳುಗಿದ ಮೇಲೆ ಸಮಾಪನಾಧಿಕಾರಿ ಹೂಡಿದ ಮೊಕದ್ದಮೆಯನ್ನು ನ್ಯಾಯಾಧೀಶ ಸ್ಟರ್ಲಿಂಗ್ 1887ರಲ್ಲಿ ತೀರ್ಮಾನಿಸಿದರು. ಮೂಲಧನದಿಂದ ಹಂಚಿದ ಲಾಭಾಂಶಕ್ಕೆ ನಿರ್ದೇಶಕರು ಹೊಣೆಯಾದರು. ಪರಿಶೋಧಕನ ಕೆಲಸ ಕೂಡಿಕೆ ಕಳೆತಗಳನ್ನು ಸರಿನೋಡುವುದಷ್ಟೇ ಅಲ್ಲ, ಅಢಾವೆ ಪತ್ರಿಕೆಯು ಕಂಪನಿಯ ವಸ್ತುಸ್ಥಿತಿಯನ್ನು ತೋರಿಸುತ್ತದೆಯೇ ಎಂದು ವಿಚಾರಿಸುವುದೂ ಅವನ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು. ಪರಿಶೋಧಕರ ಕರ್ತವ್ಯವನ್ನು ಕುರಿತ ಮೊದಮೊದಲ ತೀರ್ಪುಗಳಲ್ಲಿ ಇದೊಂದು. ಆ ನಿರ್ದೇಶಕರನ್ನು ಕಳ್ಳರೆಂದು ಕರೆಯುವುದು ಸುಲಭ. ಆದರೆ ಅವರಲ್ಲಿ ಹೆಚ್ಚಿನವರು ಮಾಡಿದ್ದು ನಂಬಿ ಸಹಿ ಹಾಕಿದ್ದು ಮಾತ್ರ. ಇಂದಿಗೂ ಅನೇಕ ಕುಟುಂಬ ಕಂಪನಿಗಳಲ್ಲಿ ಅಣ್ಣನೊಬ್ಬ ಲೆಕ್ಕ ನೋಡಿಕೊಳ್ಳುತ್ತಾನೆ, ಉಳಿದವರು ತೋರಿಸಿದ ಕಡೆ ಸಹಿ ಮಾಡುತ್ತಾರೆ. ಸಹಿಯ ಹೊಣೆ ಮಾತ್ರ ಎಲ್ಲರಿಗೂ ಸಮ.

ಎರಡು ವರ್ಷಗಳ ತರುವಾಯ, 1889ರಲ್ಲಿ, ನ್ಯೂಶಾಟೆಲ್ ಆಸ್ಫಾಲ್ಟ್ ಕಂಪನಿಯ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಬೇರೊಂದು ಧಾಟಿಯಲ್ಲಿ ಮಾತನಾಡಿತು. ಕಂಪನಿಯ ಗಣಿಹಕ್ಕು ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದರೂ, ಆ ನಷ್ಟವನ್ನು ತುಂಬಿಕೊಂಡೇ ಲಾಭಾಂಶ ಹಂಚಬೇಕೆಂದು ಕಂಪನಿ ಕಾನೂನು ಹೇಳುವುದಿಲ್ಲ, ಅದು ವ್ಯವಹಾರ ನಡೆಸುವವರ ವಿವೇಚನೆಗೆ ಬಿಟ್ಟದ್ದು ಎಂಬುದು ಆ ತೀರ್ಪಿನ ತಿರುಳು. ಸವೆಯುವ ಆಸ್ತಿಯಿಂದ ಬಂದ ಹಣವನ್ನು ಸವಕಳಿ ಕಳೆಯದೆ ಹಂಚಬಹುದೆಂಬ ವಾದಕ್ಕೆ ಇದರಿಂದ ಬಲ ಬಂತು. ಕಾನೂನು ಒಪ್ಪಿದ್ದನ್ನೆಲ್ಲ ವಿವೇಕವೂ ಒಪ್ಪಬೇಕೆಂದಿಲ್ಲ. ಲೆಕ್ಕಿಗರಲ್ಲಿ ಅನೇಕರು ಈ ತೀರ್ಪನ್ನು ಅಸಮಾಧಾನದಿಂದಲೇ ಸ್ವೀಕರಿಸಿದರು.

ಭಾರತದಲ್ಲಿ ಕಂಪನಿಗಳ ನೋಂದಣಿಗೆ ಮೊದಲ ಕಾಯಿದೆ ಬಂದದ್ದು 1850ರಲ್ಲಿ. 1857ರ ಕಾಯಿದೆ ಸೀಮಿತ ಹೊಣೆಯನ್ನು ತಂದಿತು. 1866 ಮತ್ತು 1882ರ ಕಾಯಿದೆಗಳು ಇಂಗ್ಲೆಂಡಿನ ಜಾಡನ್ನೇ ಅನುಸರಿಸಿದುವು. ಚಿಕ್ಕ ಕಂಪನಿಯ ದೃಷ್ಟಿಯಿಂದ ಮುಖ್ಯವಾದದ್ದು 1913ರ ಕಾಯಿದೆ. ಇಂಗ್ಲೆಂಡಿನಲ್ಲಿ 1907ರ ಶಾಸನ ರೂಪಿಸಿದ ‘ಖಾಸಗಿ ಕಂಪನಿ’ ಎಂಬ ವರ್ಗ ಆಗ ಇಲ್ಲಿಗೂ ಬಂತು. ಸದಸ್ಯರು ಐವತ್ತನ್ನು ಮೀರಬಾರದು, ಷೇರುಗಳನ್ನು ಮನಬಂದವರಿಗೆ ವರ್ಗಾಯಿಸಲಾಗದು, ಸಾರ್ವಜನಿಕರಿಂದ ಹಣ ಎತ್ತುವಂತಿಲ್ಲ. ಈ ಕಟ್ಟುಗಳನ್ನು ಒಪ್ಪಿದ ಕಂಪನಿಗೆ ತನ್ನ ಅಢಾವೆ ಪತ್ರಿಕೆಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸುವ ಬಾಧ್ಯತೆ ಇರಲಿಲ್ಲ. ಪ್ರಮಾಣಪತ್ರ ಪಡೆದ ಪರಿಶೋಧಕನೇ ಆಗಬೇಕೆಂಬ ನಿಯಮದಿಂದಲೂ ಅದಕ್ಕೆ ವಿನಾಯಿತಿಯಿತ್ತು. ಲಾಭ-ನಷ್ಟದ ತಖ್ತೆಯನ್ನು ಸದಸ್ಯರ ಸಭೆಯ ಮುಂದಿಡಬೇಕೆಂಬುದು ಕೂಡ 1936ರ ತಿದ್ದುಪಡಿಯಿಂದ ಗಟ್ಟಿಯಾದ ನಿಯಮ. ಅಲ್ಲಿಯವರೆಗೆ ಆಸ್ತಿ ಎಷ್ಟು, ಸಾಲ ಎಷ್ಟು ಎಂದು ಹೇಳಿದರೆ ಸಾಕಿತ್ತು. ಬಾಡಿಗೆ ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಹೇಳಬೇಕಾಗಿರಲಿಲ್ಲ.

ಅವಿಭಕ್ತ ಕುಟುಂಬಗಳಿಗೆ ಖಾಸಗಿ ಕಂಪನಿಯ ರೂಪ ಆಕರ್ಷಕವಾಗಿ ಕಂಡದ್ದು ಸಹಜ. ತಂದೆ ಕಟ್ಟಿಸಿದ ಮಳಿಗೆಗಳ ಸಾಲನ್ನು ನಾಲ್ವರು ಮಕ್ಕಳಿಗೆ ಗೋಡೆ ಎಬ್ಬಿಸಿ ಹಂಚುವುದಕ್ಕಿಂತ, ಕಟ್ಟಡವನ್ನು ಕಂಪನಿಯ ಹೆಸರಿಗೆ ಮಾಡಿ ಷೇರುಗಳನ್ನು ಹಂಚುವುದು ಲೇಸು. ಆದರೆ ಹೀಗೆ ಮಾಡಿದ ಮೇಲೆ ಕಟ್ಟಡ ಮಕ್ಕಳದಲ್ಲ, ಕಂಪನಿಯದು. ಬಾಚಾ ಗಜ್ದರ್ ಮೊಕದ್ದಮೆಯಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಖಚಿತವಾಗಿ ಹೇಳಿತು: ಷೇರುದಾರನಿಗೆ ಕಂಪನಿಯ ಆಸ್ತಿಯಲ್ಲಿ ಹಕ್ಕಿಲ್ಲ, ಕಂಪನಿ ಹಂಚಲು ತೀರ್ಮಾನಿಸಿದ ಲಾಭದಲ್ಲಿ ಮಾತ್ರ ಪಾಲುಂಟು. ಅದು ಚಹಾ ತೋಟದ ಕಂಪನಿಯ ಲಾಭಾಂಶಕ್ಕೆ ಸಂಬಂಧಿಸಿದ ತೆರಿಗೆಯ ವ್ಯಾಜ್ಯ. ತತ್ತ್ವ ಮಾತ್ರ ಮನೆ ಮಳಿಗೆಗಳಿಗೂ ಒಂದೇ. ಕಾಲು ಭಾಗದ ಷೇರುಳ್ಳವನು ಕೆಳಗಿನ ಎರಡು ಮಳಿಗೆ ತನ್ನವೆಂದು ಬೀಗ ಹಾಕುವಂತಿಲ್ಲ. ಹಾಗಾದಮೇಲೆ ಅವನಿಗಿರುವ ರಕ್ಷಣೆಯಾದರೂ ಯಾವುದು? ವರ್ಷಕ್ಕೊಮ್ಮೆ ಅವನ ಕೈಗೆ ಬರುವ ಲೆಕ್ಕಪತ್ರವೇ. ದೂರದ ಊರಿಗೆ ಮದುವೆಯಾಗಿ ಹೋದ ಮಗಳ ಹೆಸರಿನಲ್ಲಿ ನಾಲ್ಕಾರು ಷೇರುಗಳಿದ್ದರೆ, ತಾಯ್ಮನೆಯ ಆಸ್ತಿ ಏನಾಯಿತೆಂದು ಅವಳು ಯಾರನ್ನೂ ನೋಯಿಸದೆ ತಿಳಿಯಬಹುದಾದ ದಾರಿಯೂ ಅದೊಂದೇ.

ಸ್ವಾತಂತ್ರ್ಯಾನಂತರ ಸಿ. ಎಚ್. ಭಾಭಾ ಅವರ ಅಧ್ಯಕ್ಷತೆಯ ಸಮಿತಿ 1952ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಬಂದ 1956ರ ಕಂಪನಿ ಕಾಯಿದೆ ಚಿಕ್ಕ ಕಂಪನಿಗೂ ಅರ್ಹ ಲೆಕ್ಕಪರಿಶೋಧಕನನ್ನು ಕಡ್ಡಾಯ ಮಾಡಿತು. ಲೆಕ್ಕವು ಬರಿದೆ ‘ಸರಿ’ಯಾಗಿದ್ದರೆ ಸಾಲದು, ಕಂಪನಿಯ ಸ್ಥಿತಿಯ ‘ನಿಜವೂ ನ್ಯಾಯಯುತವೂ ಆದ’ ಚಿತ್ರವನ್ನು ಕೊಡಬೇಕೆಂದು ವಿಧಿಸಿತು. ಖಾಸಗಿ ಕಂಪನಿಯ ಗೌಪ್ಯಕ್ಕೂ ಅದು ಸ್ವಲ್ಪ ಎಡೆಗೊಟ್ಟಿತು. ಅದರ ಲಾಭ-ನಷ್ಟದ ತಖ್ತೆ ಪ್ರತ್ಯೇಕವಾಗಿ ಸಲ್ಲಿಕೆಯಾಗುತ್ತಿತ್ತು, ಸದಸ್ಯರಲ್ಲದವರು ಅದನ್ನು ನೋಡುವಂತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, 1960ರ ತಿದ್ದುಪಡಿಯು ಸವಕಳಿಯನ್ನು ಕಳೆಯದೆ ಲಾಭಾಂಶ ಘೋಷಿಸಕೂಡದೆಂದಿತು. ಇಂಗ್ಲೆಂಡಿನ ನ್ಯಾಯಾಧೀಶರು 1889ರಲ್ಲಿ ವ್ಯವಹಾರಸ್ಥರ ವಿವೇಚನೆಗೆ ಬಿಟ್ಟಿದ್ದನ್ನು ಭಾರತದ ಸಂಸತ್ತು ಕಾನೂನಿನ ಕಟ್ಟಳೆಯಾಗಿಸಿತು. 1988ರಲ್ಲಿ ಕಾಯಿದೆಗೆ ಸೇರಿದ 14ನೆಯ ಅನುಸೂಚಿ ಸಾಮಾನ್ಯ ಕಟ್ಟಡಕ್ಕೆ ಸಮಕಂತಿನ ಪದ್ಧತಿಯಲ್ಲಿ ವರ್ಷಕ್ಕೆ ನೂರಕ್ಕೆ 1.63ರಂತೆ ಸವಕಳಿ ಗೊತ್ತುಮಾಡಿತು. 2013ರ ಹೊಸ ಕಾಯಿದೆಯ 2ನೆಯ ಅನುಸೂಚಿ, ದರಕ್ಕೆ ಬದಲಾಗಿ ಆಯುಷ್ಯವನ್ನೇ ಹೇಳುತ್ತದೆ. ಕಾರ್ಖಾನೆಯಲ್ಲದ ಕಾಂಕ್ರೀಟು ಚೌಕಟ್ಟಿನ ಕಟ್ಟಡಕ್ಕೆ 60 ವರ್ಷ, ಉಳಿದವಕ್ಕೆ 30 ವರ್ಷ. ಮನುಷ್ಯನ ಷಷ್ಟ್ಯಬ್ದಿಯೂ ಕಟ್ಟಡದ್ದೂ ಒಂದೇ ಆದದ್ದು ಕಾಕತಾಳೀಯವಿರಬೇಕು!

ಮನೆ ಹಳತಾಗುತ್ತದೆಯೋ, ಬೆಳೆಯುತ್ತದೆಯೋ ಎಂಬ ಜಿಜ್ಞಾಸೆ ಬಾಡಿಗೆ ಕಂಪನಿಗಳನ್ನು ಬಿಡದೆ ಕಾಡಿದೆ. 1977ರಲ್ಲಿ ಬ್ರಿಟನ್ನಿನ ಲೆಕ್ಕಶಾಸ್ತ್ರ ಮಂಡಲಿ ಎಲ್ಲ ಕಟ್ಟಡಗಳಿಗೂ ಸವಕಳಿ ಹಾಕಬೇಕೆಂಬ ಮಾನಕ ಹೊರಡಿಸಿದಾಗ ಅಲ್ಲಿನ ಆಸ್ತಿ ಕಂಪನಿಗಳು ಪ್ರಬಲವಾಗಿ ವಿರೋಧಿಸಿದುವು. ಕಟ್ಟಡದ ಬೆಲೆ ವರ್ಷವರ್ಷವೂ ಏರುತ್ತಿರುವಾಗ ಅದನ್ನು ಇಳಿಸಿ ತೋರಿಸುವುದು ಸುಳ್ಳು ಲೆಕ್ಕವಲ್ಲವೇ ಎಂಬುದು ಅವುಗಳ ವಾದ. 1981ರಲ್ಲಿ ಹೊರಬಂದ ಪ್ರತ್ಯೇಕ ಮಾನಕ, ಬಾಡಿಗೆಗಾಗಿ ಇಟ್ಟುಕೊಂಡ ಆಸ್ತಿಯನ್ನು ಪ್ರತಿವರ್ಷ ಪೇಟೆಯ ಬೆಲೆಗೆ ತೋರಿಸಬಹುದು, ಸವಕಳಿ ಬೇಡ ಎಂದು ಒಪ್ಪಿತು. ಭಾರತದ ಚಿಕ್ಕ ಕಂಪನಿಗಳಿಗೆ ಅನ್ವಯಿಸುವ ಮಾನಕಗಳು ಈ ದಾರಿ ಹಿಡಿಯಲಿಲ್ಲ. 2016ರ ತಿದ್ದುಪಡಿಯ ನಂತರ ಬಾಡಿಗೆಯ ಆಸ್ತಿಯನ್ನು ಕೊಂಡ ಬೆಲೆಯಿಂದ ಸವಕಳಿ ಕಳೆದೇ ತೋರಿಸಬೇಕು. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಏರುವುದು ನೆಲದ ಬೆಲೆ, ಸವೆಯುವುದು ಗೋಡೆ. ನೆಲಕ್ಕೆ ಸವಕಳಿಯಿಲ್ಲ. ಆದುದರಿಂದ ಕೊಂಡಾಗ ಕೊಟ್ಟ ಬೆಲೆಯಲ್ಲಿ ನೆಲದ್ದೆಷ್ಟು, ಕಟ್ಟಡದ್ದೆಷ್ಟು ಎಂದು ಮೊದಲ ವರ್ಷವೇ ವಿಂಗಡಿಸಿ ಬರೆಯುವುದು ಅವಶ್ಯಕ. ಅನೇಕ ಕುಟುಂಬ ಕಂಪನಿಗಳು ಉದಾಸೀನ ಮಾಡುವ ಕೆಲಸವೂ ಇದೇ. ಕ್ರಯಪತ್ರದಲ್ಲಿ ಒಟ್ಟು ಮೊತ್ತವೊಂದನ್ನೇ ಬರೆದಿರುವುದು ಇದಕ್ಕೆ ನೆಪ. ಹಾಗೆಯೇ, ಏರಿದ ಬೆಲೆಯನ್ನು ಅಢಾವೆ ಪತ್ರಿಕೆಯಲ್ಲಿ ನೋಡಿ ಸಂತೋಷಪಡಬಹುದೇ ಹೊರತು, ಮಾರದ ಹೊರತು ಅದನ್ನು ಹಂಚಿಕೊಳ್ಳಲಾಗದು. ಲೀಡ್ಸಿನ ವ್ಯವಸ್ಥಾಪಕನು ಹಂಚಿದ್ದು ಅಂಥ ಕಾಗದದ ಏರಿಕೆಯನ್ನೇ.

ಲೆಕ್ಕವರ್ಷದ ವಿಚಾರದಲ್ಲಿ ನಮ್ಮ ಸಮಾಜದ ಹಿರಿಯರಿಗೆ ನೆನಪಿರುವ ಒಂದು ಬದಲಾವಣೆಯನ್ನು ಹೇಳಬೇಕು. ದೀಪಾವಳಿಯಂದು ಹಳೆಯ ಖಾತೆ-ಕೀರ್ದಿಗಳನ್ನು ಮುಗಿಸಿ, ಹೊಸ ಪುಸ್ತಕಗಳಿಗೆ ಪೂಜೆ ಸಲ್ಲಿಸಿ ಲೆಕ್ಕ ಆರಂಭಿಸುವುದು ವರ್ತಕ ಮನೆತನಗಳ ಸಂಪ್ರದಾಯ. ವೀರ ನಿರ್ವಾಣ ಸಂವತ್ಸರವೂ ಅದರ ಮರುದಿನದಿಂದಲೇ ಮೊದಲಾಗುವುದರಿಂದ ಜೈನ ಮನೆಗಳಲ್ಲಿ ಈ ರೂಢಿಗೆ ಇಮ್ಮಡಿ ಅರ್ಥವಿತ್ತು. ತೆರಿಗೆಯ ಕಾನೂನೂ ಬಹುಕಾಲ ಇದನ್ನು ಮನ್ನಿಸಿತ್ತು. ತನಗೊಪ್ಪುವ ಲೆಕ್ಕವರ್ಷವನ್ನು ಆರಿಸಿಕೊಳ್ಳಲು ವರ್ತಕನಿಗೆ ಸ್ವಾತಂತ್ರ್ಯವಿತ್ತು. 1989-90ರ ತೆರಿಗೆ ನಿರ್ಧಾರಣಾ ವರ್ಷದಿಂದ ಎಲ್ಲರಿಗೂ ಮಾರ್ಚ್ 31ಕ್ಕೆ ಮುಗಿಯುವ ಏಕರೂಪದ ವರ್ಷ ಬಂತು. ಕಂಪನಿ ಕಾಯಿದೆಯೂ 2013ರಲ್ಲಿ ಅದನ್ನೇ ವಿಧಿಸಿತು. ಪೂಜೆ ಕಾರ್ತೀಕದಲ್ಲಿ ಉಳಿಯಿತು, ಲೆಕ್ಕ ಚೈತ್ರದ ಕಡೆಗೆ ಸರಿಯಿತು. 1988ರ ತಿದ್ದುಪಡಿ ಇನ್ನೊಂದು ರೂಢಿಯನ್ನೂ ಮುರಿಯಿತು. ಕಂಪನಿಯ ಲೆಕ್ಕವನ್ನು ಕೈಗೆ ಬಂದ ಹಣದ ಮೇಲಲ್ಲ, ಸಲ್ಲಬೇಕಾದ ಹಣದ ಮೇಲೆ, ಜಮಾ-ಖರ್ಚಿನ ಎರಡೂ ಕಡೆ ತೋರಿಸಿ ಬರೆಯಬೇಕೆಂದಾಯಿತು. ಮಾರ್ಚ್ ತಿಂಗಳ ಬಾಡಿಗೆ ಏಪ್ರಿಲ್‌ನಲ್ಲಿ ಬಂದರೂ ಅದು ಮಾರ್ಚಿನ ಆದಾಯ. ಬಾಡಿಗೆದಾರ ತಕರಾರು ಹೂಡಿ ಕೊಡುವುದೇ ಸಂಶಯವೆನಿಸಿದಾಗ ಮಾತ್ರ ಆ ಆದಾಯವನ್ನು ಮುಂದೂಡಲು ಮಾನಕಗಳು ಅನುಮತಿಸುತ್ತವೆ.

ಇಷ್ಟರಮೇಲೆ ಒಂದು ನಿದರ್ಶನದಿಂದ ವಿಷಯ ಸ್ಪಷ್ಟವಾದೀತು. ಕಂಪನಿಯೊಂದು 90 ಲಕ್ಷ ರೂಪಾಯಿಗೆ ಕಟ್ಟಡ ಕೊಂಡಿದೆ, ಅದರಲ್ಲಿ ನೆಲದ ಪಾಲು 30 ಲಕ್ಷ, ಕಟ್ಟಡದ್ದು 60 ಲಕ್ಷ ಎಂದಿಟ್ಟುಕೊಳ್ಳೋಣ. ಕೊನೆಗೆ ಉಳಿಯುವ ಬೆಲೆಯೆಂದು ನೂರಕ್ಕೆ 5ರಂತೆ 3 ಲಕ್ಷವನ್ನು ಬಿಟ್ಟು, ಮಿಕ್ಕ 57 ಲಕ್ಷವನ್ನು 60 ವರ್ಷಗಳಿಗೆ ಹಂಚಿದರೆ ವರ್ಷದ ಸವಕಳಿ 95,000 ರೂಪಾಯಿ. ಬಾಡಿಗೆ ವರ್ಷಕ್ಕೆ 6 ಲಕ್ಷ. ನಗರಸಭೆಯ ಆಸ್ತಿ ತೆರಿಗೆ 30,000, ರಿಪೇರಿ, ವಿಮೆ, ಪರಿಶೋಧನಾ ಶುಲ್ಕ ಮೊದಲಾದುವು 1,25,000. ಇವನ್ನೆಲ್ಲ ಕಳೆದರೆ ತೆರಿಗೆಗೆ ಮೊದಲಿನ ಲಾಭ 3,50,000. ಇದೇ ಕಂಪನಿಯ ಆದಾಯವನ್ನು ‘ಮನೆ ಆಸ್ತಿಯ ಆದಾಯ’ವೆಂದು ಪರಿಗಣಿಸಿದರೆ ತೆರಿಗೆಯ ಲೆಕ್ಕ ಬೇರೆಯಾಗುತ್ತದೆ. 1961ರ ಆದಾಯ ತೆರಿಗೆ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಆಸ್ತಿ ತೆರಿಗೆ ಕಳೆದು ಉಳಿದ 5,70,000ದಲ್ಲಿ ನೂರಕ್ಕೆ 30ರಷ್ಟು, ಅಂದರೆ 1,71,000 ರೂಪಾಯಿಗಳನ್ನು, ನಿಜವಾದ ಖರ್ಚು ಎಷ್ಟೇ ಇರಲಿ, ಸಾರಾಸಗಟಾಗಿ ಕಳೆಯಲಾಗುತ್ತಿತ್ತು. ಸವಕಳಿಯ ಮಾತೇ ಇಲ್ಲ. ಉಳಿಯುವುದು 3,99,000. ಒಂದೇ ಕಟ್ಟಡ, ಒಂದೇ ವರ್ಷ, ಒಂದೇ ಬಾಡಿಗೆ, ಲಾಭದ ಅಂಕಿಗಳು ಎರಡು. ಎರಡೂ ಸರಿಯೇ! ತೆರಿಗೆಗೆಂದು ತಯಾರಿಸಿದ ಅಂಕಿಯನ್ನೇ ಷೇರುದಾರರಿಗೆ ತೋರಿಸುವ, ಅಥವಾ ಷೇರುದಾರರ ಅಂಕಿಯನ್ನು ತೆರಿಗೆಯವರಿಗೆ ಒಪ್ಪಿಸುವ ಗೊಂದಲ ಇಲ್ಲಿಂದಲೇ ಹುಟ್ಟುವುದು.

ಬಾಡಿಗೆ ಕೊಡುವುದನ್ನೇ ಕಸುಬಾಗಿಸಿಕೊಂಡ ಕಂಪನಿಯ ಆದಾಯ ‘ಮನೆ ಆಸ್ತಿಯದೋ’ ‘ವ್ಯವಹಾರದ್ದೋ’ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹಲವು ಬಾರಿ ಏರಿದೆ. 1961ರಲ್ಲಿ ಕಲ್ಕತ್ತೆಯ ಈಸ್ಟ್ ಇಂಡಿಯಾ ಹೌಸಿಂಗ್ ಕಂಪನಿಯ ಮಾರುಕಟ್ಟೆ ಮಳಿಗೆಗಳ ಬಾಡಿಗೆಯನ್ನು ಆಸ್ತಿಯ ಆದಾಯವೆಂದೇ ನ್ಯಾಯಾಲಯ ಹೇಳಿತು. ಕಂಪನಿ ಹುಟ್ಟಿದ್ದೇ ಅಂಥ ಉದ್ದೇಶಕ್ಕೆಂಬ ವಾದ ನಿಲ್ಲಲಿಲ್ಲ. 2015ರಲ್ಲಿ ಚೆನ್ನೈ ಪ್ರಾಪರ್ಟೀಸ್ ಕಂಪನಿಯ ಮೊಕದ್ದಮೆಯಲ್ಲಿ ಮಾತ್ರ, ಎರಡು ಕಟ್ಟಡಗಳನ್ನು ಹೊಂದಿ ಬಾಡಿಗೆಗೆ ಕೊಡುವುದೇ ಅದರ ಮುಖ್ಯ ಉದ್ದೇಶವೂ ಏಕೈಕ ಕಸುಬೂ ಆಗಿದ್ದುದರಿಂದ ಆದಾಯ ವ್ಯವಹಾರದ್ದೆಂದು ತೀರ್ಮಾನವಾಯಿತು. ಮರುವರ್ಷದ ರಾಯಲಾ ಕಾರ್ಪೊರೇಷನ್ ತೀರ್ಪು ಅದನ್ನನುಸರಿಸಿತು. 2017ರಲ್ಲಿ ಬೇರೊಂದು ಪ್ರಕರಣದಲ್ಲಿ ಸಾಕ್ಷ್ಯ ಸಾಲದೆ ಮತ್ತೆ ಆಸ್ತಿಯ ಆದಾಯವೆಂದಾಯಿತು. 2024ರಲ್ಲಿ ಸಂಸತ್ತು ವಾಸದ ಮನೆಗಳ ಮಟ್ಟಿಗೆ ವಿವಾದವನ್ನು ಮುಚ್ಚಿತು: ಮಾಲೀಕ ವಾಸದ ಮನೆಯನ್ನು ಬಾಡಿಗೆಗೆ ಕೊಟ್ಟು ಪಡೆದದ್ದು ಮನೆ ಆಸ್ತಿಯ ಆದಾಯವೇ. ಮಳಿಗೆ, ಕಚೇರಿ, ಗೋದಾಮುಗಳ ವಿಷಯದಲ್ಲಿ ಕಂಪನಿಯ ಉದ್ದೇಶಪತ್ರ ಮತ್ತು ನಿಜವಾದ ನಡವಳಿಕೆ ಎರಡನ್ನೂ ನೋಡುವ ಹಳೆಯ ಪರೀಕ್ಷೆಗೆ ಈ ತಿದ್ದುಪಡಿ ಕೈಹಾಕಲಿಲ್ಲ.

ಮೇಲಿನ ನಿದರ್ಶನದಲ್ಲಿ ಬಾಡಿಗೆದಾರನ ಮುಂಗಡದ ಮಾತು ಬರಲಿಲ್ಲ. ಅದು ಆದಾಯದಲ್ಲಿ ಬರಬಾರದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಪಡೆಯುವ ವಾಡಿಕೆ ಬಹುಕಾಲ ನಡೆದುಬಂದಿತು. 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳು, ಇತರ ಕಟ್ಟಡಗಳಿಗೆ ಆರು ತಿಂಗಳ ಮಿತಿಯನ್ನು ರಾಜ್ಯಗಳಿಗೆ ಸೂಚಿಸಿತು. ಹೆಸರು ಅಡ್ವಾನ್ಸ್ ಎಂದಿದ್ದರೂ ಅದು ಬಾಡಿಗೆಯಲ್ಲ, ಪರರ ಹಣ. ಅಢಾವೆ ಪತ್ರಿಕೆಯಲ್ಲಿ ಅದರ ಸ್ಥಾನ ಹೊಣೆಗಳ ಪಟ್ಟಿಯಲ್ಲಿ. ಆ ಹಣದಿಂದ ಇನ್ನೊಂದು ಮಹಡಿ ಕಟ್ಟಿಸಿ, ಬಾಡಿಗೆದಾರ ಮನೆ ಬಿಡುವ ದಿನ ಹೊಸ ಬಾಡಿಗೆದಾರನ ಠೇವಣಿಯಿಂದ ಹಳಬನಿಗೆ ತೀರಿಸುವುದು ಅನೇಕರ ಪರಿಪಾಟಿ. ಲೆಕ್ಕದಲ್ಲಿ ಹೊಣೆಯಾಗಿ ತೋರಿಸಿದವರಿಗೆ ಇದರ ಅಪಾಯ ಪ್ರತಿ ಮಾರ್ಚಿನಲ್ಲಿಯೂ ಕಣ್ಣಿಗೆ ಬೀಳುತ್ತದೆ, ತೋರಿಸದವರಿಗೆ ಮಳಿಗೆಗಳು ಒಟ್ಟಿಗೆ ಖಾಲಿಯಾದ ವರ್ಷ ಮಾತ್ರ.

ಇಂಥದೇ ಇನ್ನೊಂದು ಕಡೆಗಣಿತ ಸಂಗತಿ, ನಿರ್ದೇಶಕರ ಬಂಧುಗಳಿಗೆ ಕೊಟ್ಟ ಬಾಡಿಗೆ. ಪೇಟೆಯಲ್ಲಿ 40,000 ಬಾಡಿಗೆ ಬರುವ ಮಹಡಿಯನ್ನು ಅಣ್ಣನ ಮಗನ ಅಂಗಡಿಗೆ 8,000ಕ್ಕೆ ಬಿಟ್ಟರೆ ಅಂಕಿಗಳಲ್ಲಿ ತಪ್ಪೇನೂ ಕಾಣದು. 8,000 ಬಂತು, 8,000 ಬರೆಯಿತು. ಆದರೆ ಉಳಿದ 32,000 ತಿಂಗಳು ತಿಂಗಳೂ ಇತರ ಷೇರುದಾರರ ಪಾಲಿನಿಂದ ಹೋದದ್ದು. 2013ರ ಕಾಯಿದೆಯ 188ನೆಯ ಪ್ರಕರಣ ಸಂಬಂಧಿತರಿಗೆ ಯಾವುದೇ ಆಸ್ತಿಯನ್ನು ಬಾಡಿಗೆಗೆ ಕೊಡುವುದನ್ನು ತನ್ನ ವ್ಯಾಪ್ತಿಗೆ ಸೇರಿಸಿ ಆಡಳಿತ ಮಂಡಲಿಯ ಒಪ್ಪಿಗೆಯನ್ನು ಕೇಳುತ್ತದೆ, ಪೇಟೆಯ ಧಾರಣೆಯಲ್ಲಿ ಸಹಜವಾಗಿ ನಡೆದ ವ್ಯವಹಾರಕ್ಕೆ ಮಾತ್ರ ವಿನಾಯಿತಿ. ಇಂಥ ಸಂಬಂಧಗಳನ್ನು ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಬಹಿರಂಗಪಡಿಸಬೇಕೆಂದು ಮಾನಕಗಳೂ ಹೇಳುತ್ತವೆ. ಟಿಪ್ಪಣಿಗಳನ್ನು ಓದುವವರು ವಿರಳ. ಆದರೂ ಕುಟುಂಬ ಕಂಪನಿಯ ಲೆಕ್ಕಪತ್ರದಲ್ಲಿ ಮೊದಲು ಓದಬೇಕಾದ ಭಾಗವೇ ಅದು.

ಚಿಕ್ಕ ಕಂಪನಿಗೆ ಇಷ್ಟೆಲ್ಲ ಹೊರೆ ಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಬ್ರಿಟನ್ 1981ರಲ್ಲಿ ಚಿಕ್ಕ ಕಂಪನಿಗಳಿಗೆ ಸಂಕ್ಷಿಪ್ತ ಲೆಕ್ಕ ಸಲ್ಲಿಸಲು ಅವಕಾಶವಿತ್ತು, 1994ರಲ್ಲಿ ವಾರ್ಷಿಕ ವಹಿವಾಟು 90,000 ಪೌಂಡು ಮೀರದ ಕಂಪನಿಗಳನ್ನು ಪರಿಶೋಧನೆಯಿಂದಲೇ ಬಿಡುಗಡೆ ಮಾಡಿತು. ಭಾರತದ 2013ರ ಕಾಯಿದೆ ‘ಚಿಕ್ಕ ಕಂಪನಿ’ ಎಂಬ ವರ್ಗವನ್ನು ಸೃಷ್ಟಿಸಿದಾಗ ಷೇರು ಬಂಡವಾಳ 50 ಲಕ್ಷ, ವಹಿವಾಟು 2 ಕೋಟಿ ರೂಪಾಯಿಯ ಮಿತಿಯಿತ್ತು. 2021ರಲ್ಲಿ ಅದು ಕ್ರಮವಾಗಿ 2 ಕೋಟಿ, 20 ಕೋಟಿಗೂ 2022ರಲ್ಲಿ 4 ಕೋಟಿ, 40 ಕೋಟಿಗೂ ಏರಿತು. ಇಂಥ ಕಂಪನಿಗೆ ನಗದು ಹರಿವಿನ ತಖ್ತೆ ಬೇಡ, ಸಂಕ್ಷಿಪ್ತ ವಾರ್ಷಿಕ ವಿವರಪತ್ರ ಸಾಕು, ನಿರ್ದೇಶಕರ ಸಭೆ ವರ್ಷಕ್ಕೆರಡು ಸಾಕು. ಪರಿಶೋಧನೆಗೆ ಮಾತ್ರ ವಿನಾಯಿತಿ ಕೊಡಲಿಲ್ಲ. ಅತಿ ಚಿಕ್ಕ ಕಂಪನಿಗಳಿಗೆ ಅದು ಬೇಕೇ ಎಂದು ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ 2021ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಲೆಕ್ಕಪರಿಶೋಧಕ ವೃತ್ತಿಯವರಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಐದು ಮಳಿಗೆಗಳ ಕಂಪನಿಗೆ ಪರಿಶೋಧನೆ ಹೊರೆಯೆಂಬುದು ನಿಜ. ಆದರೆ ಆ ಐದು ಮಳಿಗೆಗಳ ಷೇರುದಾರರಲ್ಲಿ ಒಬ್ಬಳು ವಿಧವೆಯೋ, ಒಬ್ಬ ಅಪ್ರಾಪ್ತ ವಯಸ್ಕನೋ ಇದ್ದಾಗ, ಹೊರಗಿನವನೊಬ್ಬ ಪುಸ್ತಕ ತೆರೆದು ನೋಡುತ್ತಾನೆಂಬ ಅರಿವೇ ಅವರ ಪಾಲನ್ನು ಕಾಯಬಹುದು.

ಲೆಕ್ಕ ಸಲ್ಲಿಸುವುದನ್ನೇ ಮರೆತವರ ಗತಿ 2017ರಲ್ಲಿ ಬಯಲಾಯಿತು. ಕ್ರಮ ಹೀಗಿದೆ: ಮಾರ್ಚ್ 31ಕ್ಕೆ ವರ್ಷ ಮುಗಿದ ಆರು ತಿಂಗಳೊಳಗೆ ಸರ್ವಸದಸ್ಯರ ಸಭೆ, ಸಭೆಯಾದ 30 ದಿನಗಳೊಳಗೆ ಲೆಕ್ಕಪತ್ರ, 60 ದಿನಗಳೊಳಗೆ ವಾರ್ಷಿಕ ವಿವರಪತ್ರ. ಬಾಡಿಗೆಯನ್ನು ನಿಯಮಿತವಾಗಿ ಪಡೆಯುತ್ತ ಇವನ್ನು ವರ್ಷಗಟ್ಟಲೆ ಸಲ್ಲಿಸದ ಕಂಪನಿಗಳು ದೇಶದಲ್ಲಿ ಕಡಮೆಯಿರಲಿಲ್ಲ. ಆ ವರ್ಷ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ದಾಖಲೆಯಿಂದ ಹೊಡೆದುಹಾಕಿತು. ಸತತ ಮೂರು ವರ್ಷ ಲೆಕ್ಕ ಸಲ್ಲಿಸದ ಕಂಪನಿಗಳ ಮೂರು ಲಕ್ಷಕ್ಕೂ ಮಿಕ್ಕ ನಿರ್ದೇಶಕರು ಅನರ್ಹರಾದರು. ಹೆಸರು ಕಳೆದುಕೊಂಡ ಕಂಪನಿಗಳ ಬ್ಯಾಂಕ್ ಖಾತೆಗಳಿಗೆ ನಿರ್ಬಂಧ ಬಿತ್ತು. ಅವುಗಳಲ್ಲಿ ಬರಿಯ ಹೆಸರಿಗಷ್ಟೇ ಇದ್ದವೇ ಬಹಳ. ಆದರೆ ಹೆಸರಿಗೆ ಕಟ್ಟಡವುಳ್ಳ ಕಂಪನಿಯ ಸದಸ್ಯರಿಗೆ ಇದು ಸಾಮಾನ್ಯ ಸಂಕಟವಲ್ಲ. ಕಟ್ಟಡ ನಿಂತಿದೆ, ಬಾಡಿಗೆದಾರ ಇದ್ದಾನೆ, ರಸೀತಿ ಬರೆದುಕೊಡಬೇಕಾದ ಮಾಲೀಕನಿಲ್ಲ. ಅಂಥವರಿಗೆ 252ನೆಯ ಪ್ರಕರಣದ ಬಾಗಿಲು ತೆರೆದಿದೆ. ಸದಸ್ಯನಾಗಲಿ ಸಾಲ ಕೊಟ್ಟವನಾಗಲಿ 20 ವರ್ಷಗಳೊಳಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಲಿಗೆ ಅರ್ಜಿ ಹಾಕಿ, ಕಂಪನಿಯ ಹೆಸರನ್ನು ಮರಳಿ ದಾಖಲೆಗೆ ಸೇರಿಸಬೇಕೆಂದು ಬೇಡಬಹುದು. ನ್ಯಾಯಮಂಡಲಿಗಳು ಬಾಡಿಗೆಯ ಕರಾರು, ಆಸ್ತಿ ತೆರಿಗೆಯ ರಸೀತಿ, ಬ್ಯಾಂಕಿನ ವಿವರಗಳನ್ನು ನೋಡಿ ಅನೇಕ ಕಂಪನಿಗಳಿಗೆ ಮರುಜೀವ ಕೊಟ್ಟಿವೆ. ಕೊಡುವಾಗ ಸಾಮಾನ್ಯವಾಗಿ ವಿಧಿಸುವ ಷರತ್ತು, ಬಾಕಿಯುಳಿದ ಎಲ್ಲ ವರ್ಷಗಳ ಲೆಕ್ಕವನ್ನೂ ಬರೆಸಿ, ಪರಿಶೋಧನೆ ಮಾಡಿಸಿ, ವಿಳಂಬ ಶುಲ್ಕದೊಡನೆ ಸಲ್ಲಿಸಬೇಕು ಎಂಬುದು. 2018ರ ಜುಲೈಯಿಂದ ಆ ಶುಲ್ಕ ಪ್ರತಿಯೊಂದು ಪತ್ರಕ್ಕೂ ದಿನಕ್ಕೆ 100 ರೂಪಾಯಿಯಂತೆ ಮಿತಿಯಿಲ್ಲದೆ ಏರತೊಡಗಿತು.